ಏಳು ಕೆಂಪೆಳೆ

ಬಸ್ಸು ಯಲಹಂಕ ಮುಟ್ಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಹಾರನ್ನಿನ ಸದ್ದಿಗೆ ಎದುರುಮನೆ ಅಕ್ಕ ಕಿವಿ ಮುಚ್ಚಿಕೊಂಡು ಚೀರಬಹುದಿತ್ತು. ಕಂಡಕ್ಟರು ನಮ್ಮನ್ನೆಲ್ಲ ನಡುದಾರಿಯಲ್ಲಿ ಇಳಿಸಬಹುದಿತ್ತು. ಅವಳು ವಾಂತಿ ಮಾಡಿಕೊಳ್ಳಬಹುದಿತ್ತು, ಅದೂ ನನ್ನ ಹೊಸ ಲಂಗದ ಮೇಲೆ. ಮೆಜೆಸ್ಟಿಕ್ಕಿನ ಜನರ ನಡುವೆ ಕೈ ಕೊಸರಿಕೊಂಡು ಓಡಿಹೋಗಬಹುದಿತ್ತು. ಆಸ್ಪತ್ರೆಯ ಚೀಟಿ ಕಳೆಯಬಹುದಿತ್ತು, ಡಾಕ್ಟರು ಅವತ್ತೇ ರಜೆ ಹಾಕಿರಬಹುದಿತ್ತು, ಇದ್ದರೂ ಬೈದು ಕಳಿಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೆಂಗಳೂರೇ ಸಿಗದೆ ಹೋಗಬಹುದಿತ್ತು.

ಹನ್ನೊಂದನೆಯ ವಯಸ್ಸಿನಲ್ಲಿ ನಾನು ಹಾಕಿದ್ದ ಪಟ್ಟಿ ಇದು. ಈಗ ಐವತ್ತು ದಾಟಿದೆ, ಪಟ್ಟಿ ಹಾಕುವ ಕಸುಬು ಬಿಟ್ಟಿಲ್ಲ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಎರಡೆರಡು ಸಲ ವಾಪಸು ಬರುವ ಹೆಂಗಸು ನಾನು. ಇಷ್ಟು ವರ್ಷದಲ್ಲಿ ಗ್ಯಾಸು ಒಮ್ಮೆಯೂ ಉರಿಯುತ್ತಿರಲಿಲ್ಲ.

ಹೋದ ತಿಂಗಳು ಅಮ್ಮನ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯ ಜೊತೆ ನೇರಳೆ ಬಣ್ಣದ ರೇಷ್ಮೆ ಸೀರೆಯೊಂದು ಮೇಲೆ ಬಂತು. ಅದರ ಅಂಚಿನಲ್ಲಿ ಒಂದು ಕಡೆ ಬೆರಳುದ್ದದ ಕೆಂಪು ಎಳೆ ಕಟ್ಟಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಮಗ್ಗದವರೇ. ನೇಯುವಾಗ ಎಲ್ಲಿ ತಪ್ಪಾಯಿತೋ ಅದರ ನೇರಕ್ಕೆ ಅಂಚಿಗೊಂದು ಕೆಂಪು ಎಳೆ ಕಟ್ಟುವುದು ನಮ್ಮವರ ಪದ್ಧತಿ. ಕೊಳ್ಳುವವನು ಹುಡುಕಬೇಕಾಗಿರಲಿಲ್ಲ; ಎಳೆ ಕಂಡಲ್ಲಿ ಬಟ್ಟೆ ಬಿಡಿಸಿ ನೋಡಿದರೆ ತಪ್ಪು ಅಲ್ಲೇ ಇರುತ್ತಿತ್ತು. ಹಾಗೆ ಬೇಡವೆನಿಸಿಕೊಂಡು ಅಪ್ಪನ ಹೆಗಲೇರಿ ಮನೆಗೆ ವಾಪಸು ಬಂದವೇ ಅಮ್ಮನ ಪಾಲಿನ ರೇಷ್ಮೆ ಸೀರೆಗಳು.

ಆ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಕೂತೆ. ಎದುರುಮನೆ ಅಕ್ಕ ನೆನಪಿಗೆ ಬಂದುಬಿಟ್ಟಳು...

ಆಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಊಟಕ್ಕೆ ದಿನವೂ ಅದೇ ತಟ್ಟೆ, ಅದೇ ಮೊಸರನ್ನ. ತಟ್ಟೆಯ ಅಂಚಿಗೆ ಉಪ್ಪಿನಕಾಯಿ ತಾಕಿದರೂ ಎದ್ದುಬಿಡುತ್ತಿದ್ದಳು. ಆದರೆ ಹಾಸು ಹೊಸೆಯುವುದರಲ್ಲಿ ಅವಳನ್ನು ಮೀರಿಸಿದವರು ಬೀದಿಯಲ್ಲಿ ಇರಲಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು; ಹಳೆಯದು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಎಳೆ ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು. ಸಾವಿರಾರು ಎಳೆ. ಅವಳ ಕೈಯಲ್ಲಿ ಒಂದೂ ತಪ್ಪುತ್ತಿರಲಿಲ್ಲ.

ಅವಳ ಬೆರಳುಗಳು ಹಿಂದಕ್ಕೆ ಬಾಗುತ್ತಿದ್ದವು, ಮೊಣಕೈ ಕಡೆಗೆ, ಬಾಳೆನಾರಿನ ಹಾಗೆ. ನಮಗೆ ಅದು ದೊಡ್ಡ ಸರ್ಕಸ್ಸು. ಸ್ಕೂಲಿನ ಗೆಳತಿಯರನ್ನೆಲ್ಲ ಜಗಲಿಗೆ ಕರೆತಂದು, "ಅಕ್ಕಾ, ಒಂದ್ಸಲ ಬಗ್ಸಕ್ಕಾ, ಇವ್ಳು ನಂಬ್ತಿಲ್ಲ" ಎನ್ನುತ್ತಿದ್ದೆ. ಅವಳು ಬಗ್ಗಿಸುತ್ತಿದ್ದಳು. ಆಮೇಲೆ ಆ ಕೈಯನ್ನು ಕಂಕುಳಲ್ಲಿಟ್ಟುಕೊಂಡು ಬಹಳ ಹೊತ್ತು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಆಟ ಮುಗಿದಮೇಲೆ ಯಾರು ನೋಡುತ್ತಾರೆ?

ಅವಳಿಗೆ ನಾಲ್ಕೈದು ದಿನಕ್ಕೊಮ್ಮೆಯೂ ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಿರಲಿಲ್ಲ. ನಿದ್ದೆ ಇರಲಿಲ್ಲ. ಹಾಸಿನ ಮುಂದೆ ಕೂತಲ್ಲೇ ಹೊಟ್ಟೆಯನ್ನು ಮಗ್ಗದ ಮರಕ್ಕೆ ಒತ್ತಿ ಹಿಡಿಯುತ್ತಿದ್ದಳು. ಯಾರು ಏನು ಕೇಳಿದರೂ ಅವಳ ತಾಯಿಯ ಉತ್ತರ ಒಂದೇ: "ಅವ್ಳು ಹಂಗೇ ಕಣಮ್ಮ." ತಾಯಿಗೆ ಪ್ರೀತಿ ಇರಲಿಲ್ಲ ಎಂದಲ್ಲ. ಅಕ್ಕನಲ್ಲಿ ವಿಚಿತ್ರ ಎನಿಸುವುದು ಅಷ್ಟಿತ್ತು. ಅದರೊಳಗೆ ಕಾಯಿಲೆ ಯಾವುದು, ಸ್ವಭಾವ ಯಾವುದು ಎಂದು ಬಿಡಿಸುವವರು ಯಾರು?

ಒಂದು ದಿನ ಅವಳ ಬಲಗೈ ಮಣಿಕಟ್ಟಿನಲ್ಲಿ ಕೆಂಪು ರೇಷ್ಮೆ ಎಳೆ ಕಾಣಿಸಿತು. ತಿಂಗಳಾಗುವಷ್ಟರಲ್ಲಿ ಎಡಗೈಗೊಂದು. ಹೆಬ್ಬೆರಳಿಗೊಂದು, ಎರಡು ಕಾಲ ಗಿಣ್ಣಿಗೆ ಎರಡು, ಎಡ ಮಂಡಿಗೊಂದು, ಸೊಂಟಕ್ಕೊಂದು. ಕೈಯಲ್ಲಿ ಕೆಂಪು ದಾರ ಇದ್ದರೆ ಅದು ದೇವರದೇ ಎಂದು ನಮ್ಮ ಕಣ್ಣಿಗೆ ಅಭ್ಯಾಸವಾಗಿತ್ತು. ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು.

"ಏನ್ ಕಣಮ್ಮ, ನಿನ್ ಮಗ್ಳು ಊರಲ್ಲಿರೋ ದೇವ್ರಿಗೆಲ್ಲಾ ಹರಕೆ ಹೊತ್ಕೊಂಡವ್ಳಾ?"

"ನಂಗೇನ್ ಗೊತ್ತೇ ತಾಯಿ. ಕೇಳಿದ್ರೆ ಬಾಯೇ ಬಿಡಲ್ಲ. ಅವ್ಳು ಹಂಗೇ."

ಅದೇ ದಿನಗಳಲ್ಲಿ ನನಗೆ ಉಗುರುಸುತ್ತು ಆಯಿತು. ಬೆರಳು ಕೊಳೆತೇ ಹೋಗುತ್ತದೆ, ಕತ್ತರಿಸುತ್ತಾರೆ ಎಂದು ಪಟ್ಟಿ ಹಾಕುತ್ತ ಜಗಲಿಯಲ್ಲಿ ಅಳುತ್ತಿದ್ದೆ. ಅಕ್ಕ ಬಂದು, ನನ್ನ ಮುಖ ನೋಡದೆ, ಆ ಬೆರಳ ಬುಡಕ್ಕೆ ಒಂದು ಕೆಂಪು ಎಳೆ ಕಟ್ಟಿ ಹೋದಳು. ಒಂದಿಷ್ಟೂ ನೋಯಿಸಲಿಲ್ಲ. ಉಂಗುರ ಎಂದು ಕ್ಲಾಸಿನಲ್ಲೆಲ್ಲ ತೋರಿಸಿಕೊಂಡು ಬಂದೆ. ಬೆರಳು ವಾಸಿಯಾದ ದಿನ ಅವಳೇ ಬಂದು ಬಿಚ್ಚಿಕೊಂಡು ಹೋದಳು. ಉಂಗುರ ಹೋಯಿತಲ್ಲ ಎಂದು ನನಗೆ ಸಿಟ್ಟು.

ಆ ವರ್ಷ ದಸರೆಯ ಹೊತ್ತಿಗೆ ಅವಳು ಹಾಸಿನ ಮುಂದೆ ಕೂರುವುದನ್ನೇ ನಿಲ್ಲಿಸಿದಳು. ಮೊಸರನ್ನವೂ ಅರ್ಧಕ್ಕೆ ಇಳಿಯಿತು. "ಒಂದ್ಸಲ ಬೆಂಗ್ಳೂರ್ ದೊಡ್ಡಾಸ್ಪತ್ರೇಲಿ ತೋರಿಸ್ಬಿಡಾಣ. ಎಲ್ಲಿ ನೋವು ಅಂತ ಅವರಾದ್ರೂ ಕಂಡ್ ಹಿಡೀಲಿ" ಎಂದು ನಮ್ಮಮ್ಮ ಹಟ ಹಿಡಿದಳು. ಅಕ್ಕ ಹಿಡಿದುಕೊಳ್ಳುತ್ತಿದ್ದುದು ನನ್ನ ಕೈಯೊಂದನ್ನೇ, ಆದ್ದರಿಂದ ನಾನೂ ಹೊರಟೆ, ಪಟ್ಟಿಯ ಸಮೇತ.

ಬೆಳಿಗ್ಗೆ ಅವಳ ತಾಯಿ ತಲೆ ಬಾಚಿ ಹೂ ಮುಡಿಸಿದರು. ನನಗೆ ಆ ದಾರಗಳದೇ ಚಿಂತೆ. ಮಾಸಿ ಕಪ್ಪಾಗಿದ್ದವು. ಮೂಢನಂಬಿಕೆ ಎಂದು ಡಾಕ್ಟರು ಬೈದರೆ? ಅಪ್ಪನ ಮಗ್ಗದ ಮೇಲಿನ ಪುಟ್ಟ ಕತ್ತರಿ ತಂದು ಏಳನ್ನೂ ಕತ್ತರಿಸಿದೆ. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಿದ್ದ ತುಂಡುಗಳನ್ನು ಒಂದೊಂದಾಗಿ ಆರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು. "ಜಾಣೆ ಕಣೇ, ಈಗ ನೋಡು ಎಷ್ಟ್ ಲಕ್ಷಣವಾಗವ್ಳೆ" ಎಂದು ಅಮ್ಮ ನನ್ನನ್ನು ಹೊಗಳಿದಳು.

ಡಾಕ್ಟರು ಒಳ್ಳೆಯವರು. ಬೈಯಲಿಲ್ಲ. "ಎಲ್ಲಮ್ಮ ನೋವು? ತೋರ್ಸು ನೋಡೋಣ" ಎಂದರು. ಅಕ್ಕ ಖಾಲಿ ಮಣಿಕಟ್ಟನ್ನು ನೋಡಿಕೊಂಡಳು. ತಿರುಗಿಸಿ ಮತ್ತೆ ನೋಡಿಕೊಂಡಳು. ಆಮೇಲೆ ಮುಷ್ಟಿ ಬಿಚ್ಚಿ ಮೇಜಿನ ಮೇಲೆ ಹಿಡಿದಳು. ಬೆವರಿಗೆ ಅಂಟಿಕೊಂಡ ಏಳು ತುಂಡು ದಾರ, ಯಾವುದು ಎಲ್ಲಿಯದೋ...

"ಏನಮ್ಮ ಇದು?" ಎಂದು ಡಾಕ್ಟರು ನಮ್ಮಮ್ಮನನ್ನು ಕೇಳಿದರು.

"ಹರಕೆ ದಾರ ಸಾರ್. ಅವ್ಳು ಹಂಗೇ" ಎಂದಳು ಅಮ್ಮ.

ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಅಕ್ಕ ಉಸಿರು ಬಿಗಿಹಿಡಿದು ಸೂರು ನೋಡುತ್ತಿದ್ದಳು. ನರಗಳ ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು.

ಅದಾದ ಮೇಲೆ ಅವಳು ದಾರ ಕಟ್ಟಿಕೊಳ್ಳಲೇ ಇಲ್ಲ. ಹರಕೆ ಮುಗೀತು ಎಂದು ಬೀದಿಗೆಲ್ಲ ಸಮಾಧಾನ. ಬೀದಿಯಲ್ಲಿ ಪವರ್‌ಲೂಮು ಬಂತು. ಆ ಸದ್ದು ಅಕ್ಕನಿಗೆ ಆಗದೆ ಅವಳ ತಾಯಿ ಅವಳನ್ನು ಹಿಂದೂಪುರದ ಕಡೆ ತವರಿಗೆ ಕರೆದುಕೊಂಡು ಹೋದರು. ಮೂರು ವರ್ಷದ ಮೇಲೆ ಒಂದು ಕಾರ್ಡು ಬಂತು, ತೀರಿಕೊಂಡಳು ಎಂದು. ಏನಾಗಿತ್ತು ಎಂದು ಬರೆದಿರಲಿಲ್ಲ. ಬರೆದವರಿಗೂ ಗೊತ್ತಿತ್ತೋ ಇಲ್ಲವೋ.

ಈಗ ನನ್ನ ತಮ್ಮನ ಕಿರಿಮಗಳು ಎಂಟು ವರ್ಷದವಳು. ಅವಳಿಗೆ ಆಟಿಸಂ. ಅಕ್ಕನಿಗೂ ಅದೇ ಇತ್ತು ಎನ್ನಲು ನಾನು ಯಾರು, ಆದರೆ ಮಗು ಬೆರಳು ಹಿಂದಕ್ಕೆ ಬಗ್ಗಿಸಿದಾಗ ನಾನು ಆ ಕೈ ಹಿಡಿದು ನಿಲ್ಲಿಸಿದೆ. ಅವಳ ಡಾಕ್ಟರು ಹೇಳಿದರು: "ಇಂಥ ಮಕ್ಕಳಿಗೆ ಹೊಟ್ಟೆ ತೊಂದರೆ, ಕೀಲು ಸಡಿಲ ಇರೋದು, ನಿದ್ದೆ ಕಷ್ಟ, ಇವೆಲ್ಲ ಜೊತೆಗೇ ಬರೋದು ಜಾಸ್ತಿ ಮೇಡಂ. ಆಟಿಸಂ ಅಲ್ವಾ, ಹಂಗೇ ಇರ್ತಾರೆ ಅಂತ ಮಾತ್ರ ಬಿಡ್ಬೇಡಿ. ನೋವನ್ನ ಅವ್ರು ಹೇಳೋ ರೀತಿ ಬೇರೆ ಇರುತ್ತೆ."

ನೋವಿದ್ದಲ್ಲಿ ಕಟ್ಟಿಕೊಳ್ಳಲಿ ಎಂದು ಮಾರನೆಯ ದಿನವೇ ಮಗುವಿಗೆ ಕೆಂಪು ದಾರದ ಉಂಡೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಪೂರ್ತಿ ಬಿಚ್ಚಿ, ನನ್ನ ಕನ್ನಡಕಕ್ಕೆ ಸುತ್ತಿದಳು. ಅವಳ ಗುರುತು ಬೇರೆಯೇ ಇರಬೇಕು. ಹುಡುಕುತ್ತಿದ್ದೇನೆ, ಚಿಂತೆ ಮಾಡುವವಳಿಗೆ ಹೊತ್ತಿಗೇನು ಬರ.

ಸೀರೆಯನ್ನು ಮಡಿಸಿ ಮತ್ತೆ ಟ್ರಂಕಿಗೆ ಇಟ್ಟೆ, ಎಳೆ ಬಿಚ್ಚದೆ.

ಅವತ್ತು ಬಸ್ಸು ಕೆಡಲಿಲ್ಲ. ಅಕ್ಕ ಚೀರಲಿಲ್ಲ, ಓಡಲಿಲ್ಲ, ನನ್ನ ಲಂಗ ಹಾಳಾಗಲಿಲ್ಲ. ಚೀಟಿ ಕಳೆಯಲಿಲ್ಲ, ಡಾಕ್ಟರು ಬಂದಿದ್ದರು. ಬೆಂಗಳೂರು ಇದ್ದಲ್ಲೇ ಇತ್ತು. ಮನೆ ಬಿಡುವ ಮೊದಲು ನಾನು ಅಪ್ಪನ ಕತ್ತರಿಯಿಂದ ಏಳು ಎಳೆ ಕತ್ತರಿಸಿದ್ದೆ, ಅಷ್ಟೇ.