ಹಲಸೂರು ಕೆರೆಯ ಕೆಂಪು

ಎಂಟು ತಿಂಗಳು! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ತೊಂಬತ್ತರ ದಶಕದ ಮಾತು. ಬೆಂಗಳೂರಿನ ಮರ್ಫಿ ಟೌನಿನಲ್ಲಿ, ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ನಾನೂ ಅವ್ವನೂ ಇದ್ದೆವು. ಸೊಂಟದ ಮೂಳೆ ಮುರಿದ ಮೇಲೆ ಅವ್ವ ಮೆಟ್ಟಿಲು ಇಳಿದಿರಲಿಲ್ಲ. ಬೆಳಗಿನ ಹೊತ್ತು ಹಲಸೂರು ಕೆರೆ ಕುಂಕುಮ ಕದಡಿದ ಹಾಗೆ ಕೆಂಪಾಗುತ್ತದೆ ಎಂದು ಒಂದು ದಿನ ಹೇಳಿಬಿಟ್ಟೆ. ಕಲಬುರಗಿ ಕಡೆಯ ಹೆಂಗಸು, ಸುಮ್ಮನೆ ನಂಬುತ್ತಾಳೆಯೇ? "ಹಂಗಾರ ಫೋಟೋ ಹೊಡಕೊಂಡು ಬಾ, ನೋಡೇಬಿಡ್ತೀನಿ," ಎಂದಳು.

ಹೊಡೆದೆ. ಶಿವಾಜಿನಗರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದರೆ ಆಕಾಶವೂ ಬೂದು, ನೀರೂ ಬೂದು. "ಇದೇನಪಾ, ಕೆರಿಗಿ ಬೂದಿ ಬಡದಂಗ ಅದ!" ಎಂದು ಅವ್ವ ನಕ್ಕಳು. ನನಗೆ ಅವಮಾನವಾಯಿತು. ಕ್ಯಾಮೆರಾಕ್ಕೆ ಸ್ಟ್ಯಾಂಡ್ ಕೊಂಡೆ. ಬೆಳಕು ಹೆಚ್ಚು ಬಿಟ್ಟು ನೋಡಿದೆ, ಕಡಿಮೆ ಬಿಟ್ಟು ನೋಡಿದೆ. ಸೂರ್ಯ ಮೂಡುವ ಮೊದಲೇ ಹೋಗಿ ಚಳಿಯಲ್ಲಿ ನಡುಗುತ್ತ ಕಾದೆ. ಚೌಕಟ್ಟಿನಲ್ಲಿ ದಂಡೆ ಎಲ್ಲಿರಬೇಕು, ಮರಗಳು ಎಲ್ಲಿರಬೇಕು ಎಂಬುದೆಲ್ಲ ಕೈಗೆ ಬಂತು. ಎಂಟು ತಿಂಗಳಾದರೂ ಕೆಂಪು ಮಾತ್ರ ಬರಲಿಲ್ಲ. ಕೊನೆಗೆ ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಹುಟ್ಟಿತು.

ತಡೆಯಲಾರದೆ ಸ್ಟುಡಿಯೋ ಯಜಮಾನರನ್ನೇ ಕೇಳಿದೆ. "ನಾನೆಲ್ಲಿ ತಪ್ಪು ಮಾಡ್ತಿದ್ದೀನಿ ಸಾರ್? ಕೆಂಪೇ ಬರ್ತಿಲ್ಲ."

"ಕೆಂಪಾ? ನಿಮ್ಮ ರೋಲ್ ತುಂಬ ಅದೇ ಸಾರ್! ನಾನೇ ಮಷಿನ್‌ನಲ್ಲಿ ತೆಗೆದ್ಬಿಟ್ಟು ಪ್ರಿಂಟ್ ಹಾಕ್ತೀನಿ. ಮದುವೆ ಫೋಟೋಲಿ ಮುಖ ಕೆಂಪಾದ್ರೆ ಜನ ಬಯ್ಯಲ್ವಾ? ನಿಮ್ಗಂತೂ ಪ್ರತಿ ಸಲ ಸ್ಪೆಷಲ್ಲಾಗಿ ತೆಗೆದಿದ್ದೀನಿ."

ಆ ಮನುಷ್ಯ ಉಪಕಾರ ಮಾಡಿದ ಖುಷಿಯಲ್ಲಿ ನಗುತ್ತಿದ್ದರು! "ದಯವಿಟ್ಟು ಏನೂ ತೆಗೀಬೇಡಿ, ಇದ್ದ ಹಾಗೇ ಹಾಕಿ," ಎಂದು ಹಳೆಯ ನೆಗೆಟಿವ್ ಒಂದನ್ನು ಕೊಟ್ಟು ಕೈ ಮುಗಿದೆ.

ಹೊಸ ಪ್ರಿಂಟ್ ಹಿಡಿದು ಮೆಟ್ಟಿಲು ಹಾರುತ್ತ ಬಂದೆ. ಅವ್ವ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. "ಅಂಗಡ್ಯಾವ ಬಣ್ಣ ಬಳದಾನ. ನಿನ್ನ ಆ ಬೂದಿ ಫೋಟೋನೇ ಖರೇ," ಎಂದು ವಾಪಸ್ ಕೊಟ್ಟಳು.

ಎಂಟು ತಿಂಗಳು ಕೂತು ಅವಳಿಗೆ ಆ ಬೂದಿಯನ್ನು ನಂಬಿಸಿದವನು ನಾನೇ. ಮರುದಿನ ನಸುಕಿನಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನಾನೂ ಆಟೋದವನೂ ಸೇರಿ ಹೊತ್ತು ಕೆಳಗಿಳಿಸಿದೆವು. ಕ್ಯಾಮೆರಾ ಮನೆಯಲ್ಲೇ ಬಿಟ್ಟೆ. ದಂಡೆಯಲ್ಲಿ ಆಟೋ ನಿಂತಿತು, ನೀರು ಮೆಲ್ಲಗೆ ಕೆಂಪೇರಿತು. ಅವ್ವ ಸೆರಗಿನಿಂದ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಎಲಾ ಇವನ!" ಎಂದಳು. "ಆ ಅಂಗಡ್ಯಾವ ಇಲ್ಲಿಗೂ ಬಂದಾನೇನು?"