ಪಾಂಡವಪುರದಲ್ಲಿ ಕೊಂಡ ಗಿಟಾರು

ಬೇರೆಯವರು ಬಳಸಿ ಬಿಟ್ಟ ವಸ್ತುಗಳೆಂದರೆ ನನಗೆ ಮೊದಲಿನಿಂದಲೂ ಅಳುಕು. ಹಳೆಯ ಪುಸ್ತಕ ಕೊಂಡರೆ, ನಲವತ್ತನೇ ಪುಟದವರೆಗೆ ಪೆನ್ಸಿಲ್ ಗೆರೆ ಎಳೆದು ಅಲ್ಲಿಗೇ ನಿಲ್ಲಿಸಿದ ಮನುಷ್ಯನಿಗೆ ಆಮೇಲೆ ಏನಾಯಿತು ಎಂದು ಯೋಚಿಸುತ್ತ ಕೂರುತ್ತೇನೆ. ಓದು ಅಲ್ಲೇ ಉಳಿಯುತ್ತದೆ. ಇಂಥ ನಾನು ಯಾರೋ ನುಡಿಸಿದ ಎಲೆಕ್ಟ್ರಿಕ್ ಗಿಟಾರನ್ನು ಮನೆಗೆ ತಂದೆನೆಂದರೆ, ಆಸೆ ಅಳುಕಿಗಿಂತ ದೊಡ್ಡದಾಗಿತ್ತು ಎಂದಷ್ಟೇ ಅರ್ಥ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಶ್ರೀರಂಗಪಟ್ಟಣದಲ್ಲಿ ಹಿಂದಿ ಮೇಷ್ಟ್ರಾಗಿದ್ದೆ. ರಜಾ ದಿನಗಳಲ್ಲಿ ಮೂವರು ಗೆಳೆಯರ ಜೊತೆ ಮದುವೆ ಮನೆಗಳಲ್ಲಿ ವಾದ್ಯ ನುಡಿಸುತ್ತಿದ್ದೆ. ನನ್ನದು ಸಾದಾ ಮರದ ಗಿಟಾರು. ಡ್ರಮ್ಮು ಶುರುವಾದ ಮೇಲೆ ನನ್ನ ಕೈ ಆಡುವುದು ಕಾಣುತ್ತಿತ್ತೇ ಹೊರತು ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಒಂದು ಮದುವೆಯಲ್ಲಿ ಮುಂದೆ ಕೂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ, "ಮೇಷ್ಟ್ರು ಆಗ್ಲಿಂದ ಹೊಟ್ಟೆ ಕೆರ್ಕೊತಾವ್ರೆ ಕಣ್ಲಾ" ಎಂದರು. ಅದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಪಾಂಡವಪುರದ ಟೈಲರ್ ಪುಟ್ಟಸ್ವಾಮಿಯ ಬಳಿ ಎಲೆಕ್ಟ್ರಿಕ್ ಗಿಟಾರ್ ಇದೆ, ಕೊಡುತ್ತಾರಂತೆ ಎಂದು ಗೆಳೆಯನೊಬ್ಬ ಹೇಳಿದ. ಭಾನುವಾರ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ. ಮಂಚದ ಮೇಲೆ ಬಿಳಿ ಪಂಚೆ ಹೊದ್ದು ಏನೋ ಉದ್ದಕ್ಕೆ ಮಲಗಿತ್ತು. ಪುಟ್ಟಸ್ವಾಮಿ ಪಂಚೆ ಸರಿಸಿದರು. ಕಪ್ಪು ಗಿಟಾರು. ಮೈಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

"ನಮ್ ತಮ್ಮ ಶಿವಲಿಂಗಂದು ಸಾ."

"ತಮ್ಮ ಎಲ್ಲಿದ್ದಾರೆ?"

"ಓಗ್ಬುಟ್ಟ" ಎಂದರು ಪುಟ್ಟಸ್ವಾಮಿ. ಕೈಯಲ್ಲಿದ್ದ ಕತ್ತರಿಯನ್ನು ಮಂಚದ ಮೇಲಿಟ್ಟು ಪಂಚೆ ಮಡಿಸತೊಡಗಿದರು. "ಅವ್ನು ಓದ್ಮೇಲೆ ಇದ್ನ ಯಾರೂ ಮುಟ್ಟಿಲ್ಲ. ನೀವಾರ ನುಡಿಸ್ಕಳಿ."

ನಾನು ಮತ್ತೇನೂ ಕೇಳಲಿಲ್ಲ. ಕೇಳಬೇಕಿತ್ತು.

ಮನೆಗೆ ತಂದು, ಅದರ ಜೊತೆಗೇ ಕೊಟ್ಟಿದ್ದ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಯಾರೂ ಮೀಟದಿದ್ದರೂ ಅದು ಗುಂಯ್ ಎಂದು ನರಳತೊಡಗಿತು. ತಂತಿಯ ಮೇಲೆ ಕೈಯಿಟ್ಟೆ, ಸುಮ್ಮನಾಯಿತು. ಕೈ ತೆಗೆದೆ, ಮತ್ತೆ ನರಳಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಶಾರದೆ, "ಕೈ ತೆಗೆದ್ರೆ ಅಳೋ ಮಗು ಥರ ಮಾಡ್ತಿದೆಯಲ್ರೀ" ಎಂದವಳು ಆ ಕೋಣೆಯಲ್ಲಿ ಬಟ್ಟೆ ಮಡಿಸುವುದನ್ನೂ ಬಿಟ್ಟಳು. ರೇಡಿಯೋ ರಿಪೇರಿಯವರು ಅರ್ತಿಂಗ್ ಸರಿಯಿಲ್ಲದಿದ್ದರೆ ಹಾಗಾಗುತ್ತದೆ, ಮನುಷ್ಯ ಮುಟ್ಟಿದರೆ ಅವನ ಮೈಯೇ ಅರ್ತಿಂಗು ಎಂದು ವಿವರಿಸಿದರು. ನಾನು ಅದನ್ನೇ ಶಾರದೆಗೆ ಎರಡು ಸಲ ಹೇಳಿದೆ. ಎರಡನೇ ಸಲ ಹೇಳಿದ್ದು ನನಗೋಸ್ಕರ.

ಅದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಕಿಟಕಿಯ ಬಿಸಿಲು ಗಿಟಾರಿನ ಕತ್ತಿನ ಮೇಲೆ ಓರೆಯಾಗಿ ಬಿದ್ದಿತ್ತು. ತಂತಿಗಳ ಕೆಳಗೆ ಮರ ಅಲ್ಲಲ್ಲಿ ಸವೆದು ಪುಟ್ಟ ಗುಳಿಗಳಾಗಿದ್ದವು. ಎಣಿಸಿದರೆ ಒಂಬತ್ತು. ಉಳಿದ ಮರವೆಲ್ಲ ಹೊಸದರಂತೆ ನುಣ್ಣಗಿತ್ತು. ಅಂದರೆ ಶಿವಲಿಂಗ ಬೇರೇನನ್ನೂ ಅಷ್ಟಾಗಿ ನುಡಿಸಿರಲಿಲ್ಲ. ಒಂದೇ ಧಾಟಿಯನ್ನು ವರ್ಷಗಟ್ಟಲೆ ನುಡಿಸಿದ್ದ.

ನಾನು ಗುಳಿಗಳಲ್ಲಿ ಬೆರಳಿಟ್ಟೆ. ಶಿವಲಿಂಗ ನನಗಿಂತ ತುಸು ಅಗಲ ಬೆರಳಿನವನು. ಹತ್ತಿರ ಹತ್ತಿರ ಇದ್ದವನ್ನು ಒಂದಾದ ಮೇಲೊಂದು ಒತ್ತಿ ನೋಡಿದೆ. ಆಳವಾಗಿ ಸವೆದಲ್ಲಿ ಅವನು ಹೆಚ್ಚು ಹೊತ್ತು ನಿಂತಿರಬೇಕೆಂದು ನಾನೂ ನಿಂತೆ. ಮೂರನೇ ಭಾನುವಾರದ ಹೊತ್ತಿಗೆ ಧಾಟಿ ಸಿಕ್ಕಿತು. ತೋಳಿನ ಕೂದಲು ನಿಮಿರಿತು.

"ಅದ್ಯಾವ ಹಾಡು?" ಎಂದಳು ಶಾರದೆ ಅಡುಗೆಮನೆಯಿಂದ.

"ಗೊತ್ತಿಲ್ಲ."

"ಗೊತ್ತಿಲ್ದೆ ಹ್ಯಾಗೆ ನುಡಿಸ್ತೀರಿ?"

ತರಗತಿಯಲ್ಲಿ ಬಲಗೈ ಬೋರ್ಡಿನ ಮೇಲೆ ಹಿಂದಿ ಬರೆಯುತ್ತಿದ್ದರೆ ಎಡಗೈ ಬೆರಳುಗಳು ಡಸ್ಟರನ್ನು ಅದೇ ಕ್ರಮದಲ್ಲಿ ಒತ್ತುತ್ತಿದ್ದವು. ನಾನು ಧಾಟಿ ಕಲಿತೆನೋ, ಧಾಟಿಗೆ ಬೇಕಾದ ಕೈಯೊಂದು ಸಿಕ್ಕಿತೋ ತಿಳಿಯದೆ ಹೋಯಿತು. ಹಿಂತಿರುಗಿಸಿಬಿಡೋಣ ಎಂದುಕೊಂಡು ಎರಡು ಸಲ ಗಿಟಾರನ್ನು ಪಂಚೆಯಲ್ಲಿ ಸುತ್ತಿದೆ. ಎರಡು ಸಲವೂ ಬಿಚ್ಚಿದೆ.

ಕೆಲವು ತಿಂಗಳಾದ ಮೇಲೆ ಕೆ.ಆರ್. ಪೇಟೆಯ ಒಂದು ಮದುವೆ. ಮಧ್ಯಾಹ್ನದ ಊಟದ ಪಂಕ್ತಿ ನಡೆದಿತ್ತು; ಡ್ರಮ್ಮಿನವನೂ ಊಟಕ್ಕೆ ಹೋಗಿದ್ದ. ನಾನೊಬ್ಬನೇ ಕೂತು ಆ ಧಾಟಿ ಹಿಡಿದೆ. ಪಂಕ್ತಿಯಲ್ಲೊಬ್ಬ, ಎಡಗೈಯನ್ನು ಟವೆಲ್ಲಿನೊಳಗೆ ಇಟ್ಟುಕೊಂಡೇ ಉಣ್ಣುತ್ತಿದ್ದವನು, ತುತ್ತು ನಿಲ್ಲಿಸಿದ. ಊಟದ ನಡುವೆ ಎದ್ದ. ಎಂಜಲು ಕೈಯಲ್ಲೇ ನನ್ನೆದುರು ಬಂದು ನಿಂತ.

"ಮೂರ್ನೇ ತಾವ ಒಸಿ ತಡೀಬೇಕು ಸಾ. ಬಿರ್ರನೆ ದಾಟ್ಬುಡ್ತಾ ಇದೀರಿ."

"ನಿಮಗೆ ಹೇಗೆ ಗೊತ್ತು?"

"ನಾನೇ ಕಟ್ಟಿದ್ದಲ್ವಾ."

ಹಾಡುಹಗಲು, ಸುತ್ತ ಇನ್ನೂರು ಜನ, ಸಾಂಬಾರಿನ ಬಕೆಟ್ಟು ಓಡಾಡುತ್ತಿದೆ. ಆದರೂ ಮೊದಲು ಅವನ ಕಾಲು ನೆಲ ಮುಟ್ಟಿದೆಯೇ ಎಂದು ನೋಡಿದೆ. ಮುಟ್ಟಿತ್ತು.

"ಶಿವಲಿಂಗ..." ಎಂದೆ. "ನೀವು ಹೋಗಿಬಿಟ್ರಿ ಅಂತ ನಿಮ್ಮಣ್ಣ..."

"ಓದೆ ಸಾ. ಊರು ಬುಟ್ಟು ಮಾವನ ಮನೆಗೆ ಬಂದ್ಬುಟ್ಟೆ, ಇಲ್ಲೇ ಪೇಟೆಗೆ." ಟವೆಲ್ಲು ಸರಿಸಿದ. ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿತ್ತು. "ಕಬ್ಬಿನ ಗಾಣ. ಆವತ್ತು ಆಲೆಮನೆಗೆ ನನ್ನ ಬಲವಂತವಾಗಿ ಕರ್ಕಂಡೋಗಿದ್ದು ನಮ್ಮಣ್ಣ. ಅದ್ಕೇ ಅವ್ನ ಬಾಯಲ್ಲಿ ಕೈ ಓದ ಮಾತು ಬರಾಕಿಲ್ಲ. ಗಿಟಾರು ಕಣ್ಮುಂದೆ ಇರೋದು ಬ್ಯಾಡ, ಕೊಟ್ಬುಡು ಅಂದೋನು ನಾನೇ."

"ಮತ್ತೆ ಆ ವಿಭೂತಿ?"

"ಅವ್ನು ಸೋಮ್ವಾರ ಸೋಮ್ವಾರ ಬಟ್ಟೆ ಒಲಿಯೋ ಮಿಸಿನ್ನಿಗೂ ಬಳೀತಾನೆ ಸಾ."

ಗಿಟಾರನ್ನು ಅವನ ಕಡೆ ಚಾಚಿದೆ, ನಿಮ್ಮದೇ ಇಟ್ಟುಕೊಳ್ಳಿ ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ಆದರೆ ಕಣ್ಣು ತಂತಿಗಳಿಂದ ಕದಲಲಿಲ್ಲ. ಕೈ ತೊಳೆದು ಬಂದು ನನ್ನ ಬೆಂಚಿನ ಮೇಲೆ, ಬಲಕ್ಕೆ, ಒತ್ತಿ ಕೂತ. "ಆ ಕಡೆ ನೀವು ಇಡ್ಕಳಿ" ಎಂದು, ತನ್ನ ಬಲಗೈಯನ್ನು ತಂತಿಗಳ ಮೇಲೆ ತಂದ.

ನಾನು ಒತ್ತಿದೆ, ಅವನು ಮೀಟಿದ. ಮೂರನೆಯ ಜಾಗದಲ್ಲಿ ನನ್ನ ಬೆರಳು ಎಂದಿನಂತೆ ಹೊರಡಲಿತ್ತು. ಅವನು ಮೀಟದೆ ಕಾದ. ನಾನೂ ಕಾದೆ. ಆಮೇಲೆ ಬಂದ ಸ್ವರಕ್ಕೆ ಬಡಿಸುವವರೂ ಒಂದು ಗಳಿಗೆ ನಿಂತರು. ಅಷ್ಟು ತಿಂಗಳು ನಾನು ನುಡಿಸಿದ್ದು ಆ ಧಾಟಿಯ ಅಕ್ಷರಗಳನ್ನು ಮಾತ್ರ ಎಂದು ಆಗ ತಿಳಿಯಿತು. ಸತ್ತವನೆಂದುಕೊಂಡು ನುಡಿಸುವಾಗ ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ. ಈಗ ಪಕ್ಕದಲ್ಲಿ ಬೆವರಿನ ಬಿಸಿಯೊಂದಿಗೆ ಅವನು ಉಸಿರಾಡುತ್ತಿದ್ದ. ಕೆಲಸವಿಲ್ಲದ ನನ್ನ ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಮುಗಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವನ ಎಲೆ ಆಗಲೇ ಎತ್ತಿಯಾಗಿತ್ತು. ಹೆಣ್ಣಿನ ಕಡೆಯವರು ಬಂದು ಮುಂದಿನ ಪಂಕ್ತಿಯಲ್ಲಿ ಇಬ್ಬರಿಗೂ ಅಕ್ಕಪಕ್ಕ ಎಲೆ ಹಾಕಿಸಿದರು. ನಾನು ಅನ್ನ ಕಲಸುತ್ತಲೇ ಅವನನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಎಷ್ಟೆಂದರೂ ಅಷ್ಟು ತಿಂಗಳು ಸತ್ತಿದ್ದವನು. ಅವನು ಪಾಯಸ ಹಾಕಿಸಿಕೊಂಡ, ಸೊರ್ರನೆ ಹೀರಿದ, ಬಡಿಸುವವರು ಎರಡು ಹೆಜ್ಜೆ ಮುಂದೆ ಹೋಗಿದ್ದರೂ ಬಿಡದೆ ಕರೆದು, "ಇನ್ನೊಂದ್ ಸೌಟು ಬುಡಣ್ಣ, ಗೋಡಂಬಿ ನೋಡ್ಕಂಡು" ಎಂದ. ನನ್ನಲ್ಲಿ ಉಳಿದಿದ್ದ ಕೊನೆಯ ಅನುಮಾನವೂ ಆಗ ಹೋಯಿತು.