ಫೋನಿಗೆ ದೃಷ್ಟಿ ತೆಗೆದ ದಿನ

ಹೋದ ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ, ನನ್ನ ತಂಗಿಯ ಮಗಳು ಭಾಗ್ಯಾಳ ಕುಬುಸದ, ಅಂದರೆ ಸೀಮಂತದ, ದಿನ ನಡೆದ ಸಂಗತಿ ಇದು. ನಾನು ಆಳಂದದವನು, ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಪ್ರಮಾಣ ಮಾಡಿ ಹೇಳಿದ್ದೆಲ್ಲ ಸತ್ಯವಲ್ಲ ಎಂಬುದನ್ನು ಇಡೀ ನೌಕರಿಯಲ್ಲಿ ದಿನಾ ನೋಡಿದ್ದೇನೆ. ಆದರೂ ಒಂದು ಫೋನಿನ ಮಾತನ್ನು ನಂಬಿ ಕಾರು ಹತ್ತಿದೆ.

ನಂಬಲು ಕಾರಣವಿತ್ತು. ತಂಗಿ ಶಾಂತಾಳ ಗಂಡ ತೀರಿಕೊಂಡ ಮೇಲೆ ಭಾಗ್ಯಾಳ ಮದುವೆಯನ್ನು ನಾನೇ ನಿಂತು ಮಾಡಿದ್ದೆ. ಮೊದಲ ನಾಗರಪಂಚಮಿಗೆ ಅವಳನ್ನು ಕರೆತರಲು ಜೇವರ್ಗಿ ಕಡೆಯ ಅವಳ ಗಂಡನ ಊರಿಗೆ ಹೋದಾಗ, ಗೊತ್ತಿಲ್ಲದ ದಾರಿಯೆಂದು ಕಂಡಕಂಡವರನ್ನು ಕೇಳುತ್ತ ಹೋದೆ. ನಮ್ಮ ಸೀಮೆಯಲ್ಲಿ ದಾರಿ ಕೇಳಿದವರನ್ನು ಬರೀ ಬಾಯಲ್ಲಿ ಕಳಿಸುವುದಿಲ್ಲ. ಒಬ್ಬರು ಚಹಾ ಕುಡಿಸಿದರು, ಇನ್ನೊಬ್ಬರು ಕಟ್ಟೆಯ ಮೇಲೆ ಕೂರಿಸಿ ಆಳಂದದ ತಮ್ಮ ಬಳಗದವರ ಯೋಗಕ್ಷೇಮ ವಿಚಾರಿಸಿದರು, ಮತ್ತೊಬ್ಬರು ಚೂಡಾ ತಿನ್ನಿಸಿ ಕೊನೆಗೆ ಆ ಊರು ತಮಗೆ ಗೊತ್ತಿಲ್ಲವೆಂದರು. ನಾನು ತಲುಪಿದಾಗ ಬೀಗರ ಮನೆಯಲ್ಲಿ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದರು.

ಬೀಗಿತ್ತಿ, ಅಂದರೆ ಭಾಗ್ಯಾಳ ಅತ್ತೆ, ನಗುನಗುತ್ತಲೇ ಕೇಳಿದರು: "ಯಾಕ್ರೀ ಬೀಗರ, ಆಳಂದದ ಗಡಿಯಾರ ನಡಕೋತ ಬರ್ತದೇನ್ರೀ?"

ನಗುವ ಮಾತೇ. ಆದರೆ ಭಾಗ್ಯಾ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೆ.

ಹಾಗಾಗಿ ಕುಬುಸ ಗೊತ್ತಾದಾಗ ಅವಳೇ ಫೋನ್ ಮಾಡಿದಳು. "ಮಾಮಾ, ಮಧ್ಯಾಹ್ನ ಹನ್ನೆರಡರ ಒಳಗ ಆರತಿ ಆಗಬೇಕಂತ. ನನ್ನ ತವರು ಅಂದ್ರ ನೀವೇರಿ. ಹಸಿರು ಸೀರಿ ನೀವು ತರೋತನ ನಾ ಮಣಿ ಮ್ಯಾಲ ಕೂಡಂಗಿಲ್ಲ. ಈ ಸಲ ಮಾತ್ರ ಲೇಟ್ ಮಾಡಬ್ಯಾಡ್ರಿ."

ಅಷ್ಟರಲ್ಲಿ ಬೀಗರು ಊರು ಬಿಟ್ಟು ದೂರದ ಹೊಲದಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದರು. ಅವಳು ಅದರ ಲೊಕೇಶನ್ ಕಳಿಸಿದಳು. ಈ ಸಲ ದಾರಿಯಲ್ಲಿ ಯಾರನ್ನೂ ಕೇಳುವುದಿಲ್ಲ, ಯಾರ ಚಹಾವನ್ನೂ ಕುಡಿಯುವುದಿಲ್ಲ ಎಂದು ನಾನು ಮನೆಯಲ್ಲಿ ತೀರ್ಪು ಕೊಟ್ಟೆ. ಅದರ ಮೇಲೆ ಅಪೀಲಿಗೆ ಅವಕಾಶವಿರಲಿಲ್ಲ.

ಪೂರ್ವಸಿದ್ಧತೆಯಲ್ಲಿ ಕೊರತೆ ಮಾಡಲಿಲ್ಲ. ನಮ್ಮ ಓಣಿಯ ಮೊಬೈಲ್ ಅಂಗಡಿಯ ರಫೀಕ್ ಭಾಯಿ ಆ ಭಾಗದ ನಕಾಶೆಯನ್ನು ಫೋನಿನೊಳಗೆ ಇಳಿಸಿಕೊಟ್ಟ. ಟವರ್ ಇಲ್ಲದ ಕಡೆಯಲ್ಲೂ ದಾರಿ ಕಾಣುತ್ತದೆ, ಯಾಕೆಂದರೆ ಜಾಗ ಹೇಳುವುದು ಟವರ್ ಅಲ್ಲ, ಆಕಾಶದ ಉಪಗ್ರಹ ಎಂದ. ಉಪಗ್ರಹಗಳನ್ನು ತೋರಿಸುವ ಒಂದು ಆ್ಯಪ್ ಕೂಡ ಹಾಕಿಕೊಟ್ಟ. ನಾನು ಮಾಳಿಗೆ ಹತ್ತಿ ತೆರೆದ ಆಕಾಶದ ಕೆಳಗೆ ಪರೀಕ್ಷೆ ಮಾಡಿದೆ. ಅಮೆರಿಕದವು ಬಂದವು, ರಷ್ಯಾದವು ಬಂದವು, ನಮ್ಮ ದೇಶದವೂ ತುಸು ತಡವಾಗಿ ಹಾಜರಾದವು. ಇಷ್ಟು ಸರ್ಕಾರಗಳು ಒಟ್ಟಾಗಿ ವಿಚಾರಣೆ ನಡೆಸಿ, ನಾನು ನನ್ನ ಮನೆಯ ಮಾಳಿಗೆಯ ಮೇಲೆಯೇ ಇದ್ದೇನೆಂದು ಖಚಿತಪಡಿಸಿದವು.

"ಬಾಣದ ಗುರುತು ದಿಕ್ಕು ತಪ್ಪಿದ್ರ," ಎಂದು ರಫೀಕ್ ಭಾಯಿ ಮೊದಲೇ ಹೇಳಿದ್ದ, "ಫೋನ್ ಕೈಯಾಗ ಹಿಡದು ಗಾಳಿಯೊಳಗ ಎಂಟು ಬರೀರಿ ಸಾಬ್. ಬರೋಬರ್ ಆಗ್ತದ."

"ಕನ್ನಡದ ಎಂಟೋ, ಇಂಗ್ಲಿಷ್ ಎಂಟೋ?" ಎಂದು ಕೇಳಿದೆ. ಇಂಥ ವಿಷಯಗಳಲ್ಲಿ ಸ್ಪಷ್ಟತೆ ಬೇಕು.

ಅವನು ನನ್ನ ಮುಖ ನೋಡಿ, "ಇಂಗ್ಲಿಷ್‌ದೇ ಬರೀರಿ," ಎಂದ.

ಆ ದಿನ ಬೆಳಿಗ್ಗೆ ನಾನು ಮತ್ತು ನನ್ನ ಹೆಂಡತಿ ಕಮಲಾ ಆಳಂದ ಬಿಟ್ಟು ಅಫಜಲಪುರಕ್ಕೆ ಬಂದೆವು. ಅಲ್ಲಿ ತಂಗಿ ಶಾಂತಾ ಬುಟ್ಟಿಗಳನ್ನು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಶೇಂಗಾ ಹೋಳಿಗೆ, ಕರಿಗಡಬು, ಸಜ್ಜೆ ರೊಟ್ಟಿ, ತರತರದ ಚಟ್ನಿಪುಡಿ. ಎಲ್ಲಕ್ಕಿಂತ ಮೇಲಿನ ಬುಟ್ಟಿಯಲ್ಲಿ ಹಸಿರು ಸೀರೆ, ಕುಬುಸ, ಬಳೆ. ಹಿಂದಿನ ಸೀಟಿನಲ್ಲಿ ಬುಟ್ಟಿಗಳು ಕೂತವು. ಉಳಿದ ಜಾಗದಲ್ಲಿ ಶಾಂತಾ. ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಫೋನು. ಅದರ ಪಕ್ಕದಲ್ಲಿ, ಜಿಡಗಾದ ಮಠಕ್ಕೆ ಹೋದಾಗ ಕಮಲಾ ಕೊಂಡು ತಂದ ಪುಟ್ಟ ಬಸವಣ್ಣನ ಮೂರ್ತಿ. ಎಂಥ ತಗ್ಗಿನಲ್ಲಿ ಕಾರು ಕುಣಿದರೂ ಬೀಳದ ಬಸವಣ್ಣ ಎಂದು ಅವಳಿಗೆ ಬಹಳ ಅಭಿಮಾನ.

ಸೊನ್ನದ ಹತ್ತಿರ ಭೀಮಾ ದಾಟುವವರೆಗೆ ಫೋನು ಸುಸಂಬದ್ಧವಾಗಿ ಸಾಕ್ಷಿ ನುಡಿಯಿತು. ಬ್ಯಾರೇಜಿನ ತುಂಬಿದ ನೀರು ನೋಡುತ್ತ ಮೂವರೂ ಮೈಮರೆತೆವು. ಮುಂದೆ ಡಾಂಬರು ಮುಗಿದು ಮಣ್ಣಿನ ದಾರಿ ಬಂತು, ಎರಡೂ ಕಡೆ ಎದೆಯೆತ್ತರದ ತೊಗರಿ, ಅದರಾಚೆ ಬಿಳಿ ಒಡೆದ ಹತ್ತಿ. ಒಂದು ಕಡೆ ದಾರಿ ಕವಲೊಡೆದಿತ್ತು. ಅಲ್ಲಿ ಕಾರು ನಿಲ್ಲಿಸಿ ಫೋನು ನೋಡಿದರೆ, ನಮ್ಮ ಗುರುತಿನ ನೀಲಿ ಚುಕ್ಕೆ ಇನ್ನೂ ಸೊನ್ನದ ಬ್ಯಾರೇಜಿನ ನೀರಿನಲ್ಲೇ ನಿಂತಿತ್ತು.

ಕಮಲಾ ಕನ್ನಡಕ ಏರಿಸಿ ನೋಡಿದಳು. "ರೀ, ಇದರ ಪ್ರಕಾರ ನಾವು ಹೊಳ್ಯಾಗ ಮುಳುಗೇವಿ."

"ನೆಟ್‌ವರ್ಕ್ ಇಲ್ಲ," ಎಂದು ಶಾಂತಾ ಹಿಂದಿನಿಂದ ಹೇಳಿದಳು. ಅವಳು ನನಗೆ ತಿಳಿಯದಂತೆ ಮಗಳಿಗೆ ಫೋನ್ ಹಚ್ಚಿ ನೋಡಿದ್ದಳು. "ಅಣ್ಣಾ, ಹತ್ತೂವರಿ ಆಗ್ಯದ. ಯಾರನ್ನರ ಕೇಳೂಣಲ್ಲ?"

ಕೇಳಲು ಮನುಷ್ಯರು ಬೇಕಲ್ಲ. ದೂರದ ಹತ್ತಿ ಹೊಲದಲ್ಲಿ ನಾಲ್ಕಾರು ಹೆಂಗಸರ ಬೆನ್ನುಗಳು ಕಾಣುತ್ತಿದ್ದವು, ಅಷ್ಟೇ. ನಾನು ವಿಚಾರಣೆ ಆರಂಭಿಸಿದೆ. ಲೊಕೇಶನ್ ಬಂದ್ ಮಾಡಿ ಚಾಲೂ ಮಾಡಿದೆ. ಚುಕ್ಕೆ ನೀರು ಬಿಟ್ಟು ಏಳಲಿಲ್ಲ. ವಿಮಾನದ ಗುರುತು ಒತ್ತಿ ತೆಗೆದೆ. ಇಲ್ಲ. ಫೋನನ್ನೇ ಬಂದ್ ಮಾಡಿ ಮತ್ತೆ ಹಚ್ಚಿದೆ. ಅದು ಎದ್ದು ಬಣ್ಣಬಣ್ಣದ ನಮಸ್ಕಾರ ತೋರಿಸಿ, ಮತ್ತೆ ಹೊಳೆಗೆ ಹೋಗಿ ನಿಂತಿತು.

"ಮುಂಜಾನಿ ನೀವು ಚಾರ್ಜ್ ಉಳೀಲಿ ಅಂತ ಏನೋ ಒತ್ತಿದ್ರಲ್ರೀ," ಎಂದಳು ಕಮಲಾ, ಕಿಟಕಿಯ ಹೊರಗೆ ನೋಡುತ್ತ. "ಅದ್ಯಾವುದೋ ಗುರುತು ಕಿತ್ತಳೆ ಬಣ್ಣ ಆಗಿತ್ತು."

ಒತ್ತಿದ್ದೆ. ಬ್ಯಾಟರಿ ಉಳಿಸುವ ಗುಂಡಿ. ಬ್ಯಾಟರಿ ಉಳಿಸಲೆಂದು ಬ್ಯಾರೇಜಿನ ಹತ್ತಿರ ಪರದೆ ಕತ್ತಲಾದ ಹೊತ್ತಿಗೆ ಫೋನು ಉಪಗ್ರಹಗಳ ಸಂಗಡ ಮಾತು ಬಿಟ್ಟಿತ್ತು, ಮತ್ತೆ ಶುರು ಮಾಡಿರಲಿಲ್ಲ. ಗುಂಡಿ ಆರಿಸಿದೆ. ಸ್ವಲ್ಪ ಹೊತ್ತಿನಲ್ಲಿ ನೀಲಿ ಚುಕ್ಕೆ ಹೊಳೆಯಿಂದ ಜಿಗಿದು ಬಂದು ತೊಗರಿ ಹೊಲದ ನಡುವೆ ನಮ್ಮ ಜೊತೆ ನಿಂತಿತು. ಶಾಂತಾ ಕೈ ಮುಗಿದಳು. ಕಮಲಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

ಇಲ್ಲಿಗೆ ಪ್ರಕರಣ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚುಕ್ಕೆಯ ಮುಂದಿನ ಬಾಣ ಎಡಗವಲು ತೋರಿಸಿತು. ಎಡಕ್ಕೆ ಹೊರಟೆ. ತುಸು ದೂರ ಹೋದೊಡನೆ ಹಿಂದಕ್ಕೆ ತಿರುಗಿ ಎಂದಿತು ಫೋನು. ಹಿಂದಕ್ಕೆ ಬಂದು ಕವಲಿನಲ್ಲಿ ನಿಂತರೆ ಬಾಣ ಮತ್ತೆ ಎಡಕ್ಕೇ ನೋಡುತ್ತಿತ್ತು. ಕೋರ್ಟಿನಲ್ಲಾದರೆ ಇಂಥವರನ್ನು ಪ್ರತಿಕೂಲ ಸಾಕ್ಷಿ ಎನ್ನುತ್ತೇವೆ. ಬಲಕ್ಕೂ ಒಂದು ಜಾಡಿತ್ತು, ನಡುವೆಯೂ ಒಂದಿತ್ತು. ಯಾವುದನ್ನು ನಂಬುವುದು? ಆಗ ರಫೀಕ್ ಭಾಯಿಯ ಎಂಟು ನೆನಪಾಯಿತು.

ಕಾರಿನಿಂದ ಇಳಿದೆ. ದಾರಿಯ ನಡುವೆ ನಿಂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಾರಿನ ಮುಂದೆ ಗಾಳಿಯಲ್ಲಿ ದೊಡ್ಡದಾಗಿ ಇಂಗ್ಲಿಷ್ ಎಂಟು ಬರೆದೆ. ಬಾಣ ಬಲಕ್ಕೆ ತಿರುಗಿ ಸ್ಥಿರವಾಯಿತು. ಸಂತೋಷದಿಂದ ಒಳಗೆ ಬಂದು ಹೋಲ್ಡರಿಗೆ ಸಿಕ್ಕಿಸಿದೆ. ಬಾಣ ಎಡಕ್ಕೆ ಹೊರಳಿತು. ಮತ್ತೆ ಇಳಿದು ಬರೆದೆ. ಬಲ. ಮತ್ತೆ ಒಳಗೆ ತಂದೆ. ಎಡ. ಮೂರನೆಯ ಸಲ ಕೊರಳ ಮಟ್ಟದಿಂದ ಮೊಣಕಾಲಿನವರೆಗೆ ವಿಸ್ತಾರವಾಗಿ ಬರೆಯುತ್ತಿದ್ದಾಗ ಹತ್ತಿ ಹೊಲದ ಹೆಂಗಸರು ಕೆಲಸ ಬಿಟ್ಟು ದಾರಿಗೆ ಬಂದು ನಿಂತಿದ್ದರು. ಉಡಿಯ ತುಂಬ ಹತ್ತಿ. ಎಲ್ಲರಿಗಿಂತ ಹಿರಿಯಳು ಒಬ್ಬ ಆಯಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಪರಿಶೀಲಿಸುತ್ತಿದ್ದಳು.

"ಹೊಸ ಗಾಡಿ ಏನ್ರೀ ಯಪ್ಪಾ?" ಎಂದು ಕೇಳಿದಳು.

"ಅಲ್ಲವಾ, ಹಳೇದು."

"ಮತ್ತ ದೃಷ್ಟಿ ತಗ್ಯಾಕತ್ತೀರಿ? ಖಾಲಿ ಫೋನಿನಾಗ? ಉಪ್ಪು ಇಲ್ಲ, ಮೆಣಸಿನಕಾಯಿ ಇಲ್ಲ."

ಹಿಂದಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಬ್ಬಳು, "ಈಗೆಲ್ಲಾ ಫೋನಿನಾಗೇ ಬರ್ತದ ಬಿಡವಾ," ಎಂದಳು.

ನನ್ನ ತೀರ್ಪನ್ನು ನಾನೇ ಮುರಿದು, ಇಂಥವರ ಹೊಲದ ಹೊಸ ಮನೆಗೆ ಯಾವ ದಾರಿಯೆಂದು ಕೇಳಿದೆ. ಆಯಿ ಕೈಯಾಡಿಸಿದಳು. "ನಮಗೇನು ಗೊತ್ತರೀ. ನಾವು ಈ ಕಡೀಯವರಲ್ಲ. ಮುಂಜಾನಿ ಟಂಟಂ ಗಾಡ್ಯಾಗ ತಂದು ಇಳಸ್ತಾರ, ಸಂಜೀಕ ಒಯ್ತಾರ." ಆಮೇಲೆ ಕಾರಿನೊಳಗೆ ಬಗ್ಗಿ ಬುಟ್ಟಿಗಳನ್ನು, ಹಸಿರು ಸೀರೆಯನ್ನು, ಕಣ್ಣು ತುಂಬಿಕೊಂಡ ಶಾಂತಾಳನ್ನು ನೋಡಿದಳು. ಅವಳ ದನಿ ಬದಲಾಯಿತು. "ಕುಬುಸಕ್ಕ ಹೊಂಟೀರೇನವಾ? ಹೊಟ್ಟಿಲಿದ್ದ ಮಗಳ ಸೀರಿ ಒಯ್ಯೂ ಗಾಡಿಗಿ ಖರೇನೇ ದೃಷ್ಟಿ ಹತ್ಯದ. ಅದಕ್ಕ ದಾರಿ ಕಾಣವಲ್ದು."

"ಹೌದವಾ," ಎಂದಳು ಶಾಂತಾ. ಅವಳಿಗೆ ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಒಪ್ಪಿಗೆಯಿತ್ತು.

ಆಯಿ ನನ್ನ ಕಡೆ ತಿರುಗಿದಳು. "ನೀವು ತಗ್ಯೂದು ತಪ್ಪಲ್ರೀ ಯಪ್ಪಾ. ಆದ್ರ ಬಸವಣ್ಣನ ಎದುರಿಗಿ ನಿಂತು ದೃಷ್ಟಿ ತಗೀತಾರೇನ್ರೀ? ದೇವರ ಮುಂದ ಅದು ಇಳಿಯಂಗಿಲ್ಲ. ಮೊದಲ ಬಸವಣ್ಣಗ ಹಿಂದ ಕೂಡಸ್ರಿ."

ಇದು ಉಪಗ್ರಹ, ಇದು ದಿಕ್ಸೂಚಿ ಎಂದು ವಿವರಿಸಲು ಬಾಯಿ ತೆರೆದೆ. ಕಮಲಾ ನನ್ನನ್ನು ನೋಡಿದಳು. ಬಾಯಿ ಮುಚ್ಚಿ, ಬಾಗಿ ಬಸವಣ್ಣನನ್ನು ಎತ್ತಲು ಹೋದೆ. ಬರಲಿಲ್ಲ. ಜೋರಾಗಿ ಜಗ್ಗಿದೆ. ಬುಡದ ಕೆಳಗೆ ಅಂಟಿಸಿದ್ದ ತಗಡಿನಿಂದ ಟಕ್ ಎಂದು ಕಿತ್ತು ಬಂತು. ಅದನ್ನು ಭಕ್ತಿಯಿಂದ ಹಿಂದಿನ ಗಾಜಿನ ಹತ್ತಿರ, ಬುಟ್ಟಿಗಳ ಆಚೆ ಕೂರಿಸಿದೆ. ಆಯಿಯ ಅಪ್ಪಣೆಯ ಪ್ರಕಾರ ಮತ್ತೊಂದು ಎಂಟು ಬರೆದೆ. ಈ ಸಲ ಅವಳು ಪಕ್ಕದಲ್ಲಿ ನಿಂತು ಏನೋ ಗೊಣಗಿ, ಮೂರು ಸಲ ನೆಟಿಗೆ ಮುರಿದಳು. ಒಳಗೆ ಹೋಗಿ ಫೋನು ಸಿಕ್ಕಿಸಿದೆ.

ಬಾಣ ಬಲಕ್ಕೆ ನೋಡಿತು. ಬಲಕ್ಕೇ ನೋಡುತ್ತ ಉಳಿಯಿತು.

ಆಗ ನನಗೆ ಆ ಟಕ್ ಎಂಬ ಸದ್ದಿನ ಅರ್ಥವಾಯಿತು. ಯಾವ ತಗ್ಗಿನಲ್ಲೂ ಬೀಳದ ಬಸವಣ್ಣನ ಬುಡದಲ್ಲಿ ಒಳ್ಳೆಯ ಜಾತಿಯ ಅಯಸ್ಕಾಂತವಿತ್ತು. ಫೋನಿನ ದಿಕ್ಸೂಚಿ ಉತ್ತರ ದಿಕ್ಕನ್ನು ಬಿಟ್ಟು ಇಷ್ಟು ಹೊತ್ತೂ ಬಸವಣ್ಣನ ಪರವಾಗಿ ವಾಲಿತ್ತು. ಇದನ್ನು ಆಯಿಗೆ ಹೇಳಬೇಕೆನಿಸಲಿಲ್ಲ. ಅವಳ ಮುಖದಲ್ಲಿ ಅಷ್ಟು ಸಮಾಧಾನವಿತ್ತು.

ಶಾಂತಾ ಒಂದು ಬುಟ್ಟಿ ಬಿಚ್ಚಿ ಎಲ್ಲರ ಕೈಗೂ ಹೋಳಿಗೆ ಇಟ್ಟಳು. ಆಯಿ ಸುಮ್ಮನೆ ತೆಗೆದುಕೊಳ್ಳಲಿಲ್ಲ. ಉಡಿಯಿಂದ ಒಂದು ಹಿಡಿ ಹತ್ತಿ ತೆಗೆದು ಹಸಿರು ಸೀರೆಯ ಮೇಲೆ ಇಟ್ಟಳು. "ಆರತಿಗಿ ಬತ್ತಿ ಹೊಸೀರವಾ. ಹೊಲದ ಸಾಹುಕಾರಗ ನಾ ಹೇಳ್ತೀನಿ. ಜಲ್ದಿ ನಡೀರಿ, ಪೋರಿ ದಾರಿ ನೋಡತಿರ್ತಾಳ."

ಬಲಗವಲಿನಲ್ಲಿ ಹೋದೆವು. ಒಂದು ಹಳ್ಳ, ಒಂದು ಬೇವಿನ ಮರ, ಅದರಾಚೆ ಹೊಸ ಸುಣ್ಣದ ಮನೆ. ಅಂಗಳದಲ್ಲಿ ಭಾಗ್ಯಾ ನಿಂತಿದ್ದಳು. ಮಣೆ ಹಾಕಿತ್ತು, ರಂಗೋಲಿ ಬಿಡಿಸಿತ್ತು, ಅವಳು ಕೂತಿರಲಿಲ್ಲ. ನಮ್ಮ ಕಾರು ಕಂಡು ಹೊಟ್ಟೆ ಹಿಡಿದುಕೊಂಡೇ ಓಡಿಬರಲು ಹೋದಳು. ಬೀಗಿತ್ತಿ ಹಿಂದಿನಿಂದ ಜಡೆ ಹಿಡಿದು ನಿಲ್ಲಿಸಿದರು. ಗಡಿಯಾರದಲ್ಲಿ ಹನ್ನೊಂದೂ ಕಾಲು. ಬೀಗಿತ್ತಿ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು.

"ಗಡಿಯಾರ ರಿಪೇರಿ ಆಗ್ಯದ ಕಾಣ್ತದ ಬೀಗರ," ಎಂದರು. ಆ ಬಾಯಿಂದ ಅದು ಪ್ರಶಸ್ತಿಪತ್ರ.

ನನ್ನ ಮಾನ ಅಲ್ಲಿಗೇ ಉಳಿಯುತ್ತಿತ್ತು. ಆದರೆ ಬತ್ತಿ ಹೊಸೆಯುತ್ತ ಕಮಲಾ ಎಲ್ಲ ಹೆಂಗಸರಿಗೂ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಆರತಿ ಮುಗಿದ ಮೇಲೆ ಬೀಗಿತ್ತಿ ಗಂಭೀರವಾಗಿ ನನ್ನ ಮುಂದೆ ಬಂದು ನಿಂತರು. "ನೋಡ್ರಿ ಬೀಗರ, ನಿಮ್ಮ ಗಾಡಿಗೆ ತಗದ್ರಿ, ಫೋನಿಗಿ ತಗದ್ರಿ. ನಮ್ಮ ಸೊಸಿಗೂ ಒಂದು ಎಂಟು ಬರೀರಿ."

ನಾನು ರುಮಾಲು ಸರಿಮಾಡಿಕೊಂಡು, ಅಷ್ಟೇ ಗಂಭೀರವಾಗಿ, ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದ ಭಾಗ್ಯಾಳ ಮುಂದೆ ನಿಂತು ಫೋನಿನಿಂದ ಎಂಟು ಬರೆದೆ. ಅವಳು ತುಟಿ ಕಚ್ಚಿ ತಡೆದುಕೊಂಡಳು. ಎಂಟಿನ ಕೆಳಗಿನ ಸುತ್ತು ಮುಗಿಯುವ ಹೊತ್ತಿಗೆ ಫೋನು ತಾನಾಗಿಯೇ, "ನೀವು ನಿಮ್ಮ ಗಮ್ಯಸ್ಥಾನವನ್ನು ತಲುಪಿದ್ದೀರಿ," ಎಂದಿತು. ಅವಳು ನಕ್ಕ ನಗೆಗೆ ಬಳೆಗಳೆಲ್ಲ ಸದ್ದು ಮಾಡಿದವು. ಪಂಚಮಿಯಂದು ತಗ್ಗಿದ್ದ ಆ ತಲೆ ಮೇಲೆದ್ದು ನಗುವುದನ್ನು ನೋಡುತ್ತ ನನ್ನ ಗಂಭೀರತೆಯೂ ಉಳಿಯಲಿಲ್ಲ.

ಈಗ ಬೀಗರ ಮನೆಯಲ್ಲಿ ಮೊಮ್ಮಗಳಿದ್ದಾಳೆ. ಕೂಸು ರಚ್ಚೆ ಹಿಡಿದಾಗ ಬೀಗಿತ್ತಿ ಜೇವರ್ಗಿ ಕಡೆಯಿಂದ ವಿಡಿಯೋ ಕರೆ ಮಾಡಿ, "ಬೀಗರ, ಎಂಟು," ಎಂದಷ್ಟೇ ಹೇಳುತ್ತಾರೆ. ನಾನು ಆಳಂದದ ಮಾಳಿಗೆಯ ಮೇಲೆ ನಿಂತು ಬರೆಯುತ್ತೇನೆ. ಅಜ್ಜನ ಮುಖ, ಆಕಾಶ, ಮಾಳಿಗೆ ಒಂದರ ಮೇಲೊಂದು ಸುತ್ತುವುದನ್ನು ನೋಡಿ ಅವಳು ಸುಮ್ಮನಾಗುತ್ತಾಳೆ.

ಅದಾದ ಮೇಲೆ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಈಗ ಫೋನು ಬೇಡ. ಆದರೂ ಕವಲಿನಲ್ಲಿ ಕಾರು ನಿಲ್ಲಿಸಿ ಹತ್ತಿ ಹೊಲದ ಕಡೆ ನೋಡುತ್ತೇನೆ. ಆಯಿ ಮತ್ತೆ ಕಂಡಿಲ್ಲ. ಅವಳ ಹೆಸರು ಕೇಳಬೇಕಿತ್ತೆಂದು ಪ್ರತಿ ಸಲವೂ ಅನಿಸುತ್ತದೆ. ಕಮಲಾ ಒಂದು ಹೋಳಿಗೆಯನ್ನು ಬೇರೆ ಕಟ್ಟಿ ಇಟ್ಟುಕೊಂಡೇ ಬಂದಿರುತ್ತಾಳೆ. ಬಸವಣ್ಣ ಇವತ್ತಿಗೂ ಹಿಂದಿನ ಗಾಜಿನ ಹತ್ತಿರವೇ ಕೂತಿದ್ದಾನೆ. ಮುಂದಿನ ದಾರಿ ನಾವು ನೋಡಿಕೊಳ್ಳುತ್ತೇವೆ. ಬಿಟ್ಟು ಬಂದ ದಾರಿಯಲ್ಲಿ ಅವಳೇನಾದರೂ ಕಂಡರೆ ಅವನು ಹೇಳುತ್ತಾನೆ ಎಂದುಕೊಂಡಿದ್ದೇನೆ.